ಬಿಸ್ಕತ್ತಿನ ಗೋಡೆ, ಹಂಚಿನ ಮಾಡು: ಮಂಗಳೂರಿನ ಒಂದು ಜಿಂಜರ್‌ಬ್ರೆಡ್ ಮನೆ ತರಗತಿ

ಕ್ರಿಸ್ಮಸ್‌ಗೆ ಮುಂಚಿನ ವಾರಾಂತ್ಯಗಳಲ್ಲಿ ಮಂಗಳೂರಿನ ಸಣ್ಣ ಬೇಕಿಂಗ್ ಶಾಲೆಯೊಂದು ಜಿಂಜರ್‌ಬ್ರೆಡ್ ಮನೆ, ಅಂದರೆ ಶುಂಠಿ ಬೆರೆತ ಮಸಾಲೆ ಬಿಸ್ಕತ್ತಿನ ಪುಟ್ಟ ಮನೆ, ಕಟ್ಟುವುದನ್ನು ಕಲಿಸುತ್ತದೆ. ಇಂತಹ ತರಗತಿಗಳು ಈಗ ಊರಿನಲ್ಲಿ ಹಲವಿದ್ದರೂ ಇದನ್ನು ಪ್ರತ್ಯೇಕವಾಗಿ ವಿಮರ್ಶಿಸಲು ಕಾರಣವಿದೆ. ಉಳಿದೆಡೆ ಎಲ್ಲರಿಗೂ ಒಂದೇ ಆಕಾರದ ಗೋಡೆಗಳನ್ನು ಕೊಟ್ಟು ಬಣ್ಣದ ಮಿಠಾಯಿ ಅಂಟಿಸಲು ಕೂರಿಸುತ್ತಾರೆ. ಇಲ್ಲಿ ಮೊದಲು ನಾಲ್ಕು ವಾಸ್ತುಶೈಲಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆ ಶೈಲಿಯ ಗೋಡೆ ಹೇಗೆ ನಿಲ್ಲುತ್ತದೆ, ಮಾಡಿನ ಭಾರ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ರಟ್ಟಿನಲ್ಲಿ ಮಾಡಿ ನೋಡಬೇಕು. ಅದಾದ ಮೇಲೆಯೇ ಹಿಟ್ಟಿಗೆ ಕೈಹಾಕಲು ಬಿಡುತ್ತಾರೆ. ಜರ್ಮನಿಯ ಮರದ ಚೌಕಟ್ಟಿನ ಮನೆ, ನಮ್ಮ ಕರಾವಳಿಯ ಹಂಚಿನ ಮನೆ, ಮುಂಬಯಿಯ ಮಾದರಿಯ ಆರ್ಟ್ ಡೆಕೊ ಕಟ್ಟಡ ಮತ್ತು ಚಪ್ಪಟೆ ತಾರಸಿಯ ಆಧುನಿಕ ಬಂಗಲೆ ಇಲ್ಲಿ ಲಭ್ಯವಿರುವ ಆಯ್ಕೆಗಳು. ಇವುಗಳಲ್ಲಿ ಮೂರನ್ನು ಧಾರಾಳವಾಗಿ ಮೆಚ್ಚಬಹುದು. ನಾಲ್ಕನೆಯದನ್ನು ಬರುವ ವರ್ಷಕ್ಕೆ ಮೊದಲು ಅವರು ಪೂರ್ತಿಯಾಗಿ ತಿದ್ದಬೇಕು, ಇಲ್ಲವೇ ಕೈಬಿಡಬೇಕು.

ತರಗತಿ ಎರಡು ದಿನಗಳದ್ದು. ಮೊದಲ ದಿನ ಹಿಟ್ಟು ಕಲಸಿ, ಲಟ್ಟಿಸಿ, ಕತ್ತರಿಸಿ, ಬೇಯಿಸಿ ಇಡುತ್ತಾರೆ, ಮರುದಿನ ಜೋಡಿಸುತ್ತಾರೆ. ನಡುವಿನ ಒಂದು ರಾತ್ರಿ ಬಿಸ್ಕತ್ತು ಒಣಗಲು ಬಿಟ್ಟ ಸಮಯ. ಬಿಸ್ಕತ್ತು ತಣ್ಣಗಾಗಿ ಗಟ್ಟಿಯಾಗುವ ಮುನ್ನ ಜೋಡಿಸಿದ ಗೋಡೆ ಮಾಡಿನ ಭಾರಕ್ಕೆ ಬಾಗುವುದು ಖಚಿತವಾದ್ದರಿಂದ, ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಮುಗಿಸಿಬಿಡುವ ತರಗತಿಗಳಿಗಿಂತ ಈ ಏರ್ಪಾಡು ಎಷ್ಟೋ ಮೇಲು. ಶುಲ್ಕ ಸಾಮಗ್ರಿ ಸಹಿತ ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿದೆ. ಎರಡು ದಿನಗಳ ಕಲಿಕೆಗೆ ಅದು ದುಬಾರಿಯೆಂದು ನನಗೆ ಅನ್ನಿಸಲಿಲ್ಲ.

ಹಿಟ್ಟಿನ ವಿಷಯದಲ್ಲಿ ಕಲಿಸುವವರ ತಿಳಿವಳಿಕೆ ಗಟ್ಟಿಯಾದದ್ದು. ತಿನ್ನುವ ಜಿಂಜರ್‌ಬ್ರೆಡ್‌ಗೆ ಸೋಡಾ ಬೇಕು, ಕಟ್ಟುವ ಜಿಂಜರ್‌ಬ್ರೆಡ್‌ಗೆ ಬೇಡ. ಸೋಡಾ ಹಾಕಿದರೆ ತುಂಡು ಓವನ್‌ನಲ್ಲಿ ಉಬ್ಬಿ ಹರಡುತ್ತದೆ, ನೇರವಾಗಿರಬೇಕಾದ ಅಂಚುಗಳು ದುಂಡಗಾಗಿ ಗೋಡೆಗೆ ಗೋಡೆ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಮೈದಾ, ಬೆಣ್ಣೆ, ಬೆಲ್ಲ, ಒಣಶುಂಠಿ, ಚಕ್ಕೆ, ಲವಂಗ ಮತ್ತು ತುಸು ಜಾಯಿಕಾಯಿ ಬಿಟ್ಟರೆ ಈ ಹಿಟ್ಟಿನಲ್ಲಿ ಬೇರೇನೂ ಇಲ್ಲ. ಪಾಶ್ಚಾತ್ಯ ಪಾಕವಿಧಾನಗಳಲ್ಲಿ ಬರುವ ಮೊಲಾಸಿಸ್ ಎಂಬ ಕಬ್ಬಿನ ಕಪ್ಪು ಪಾಕದ ಬದಲಿಗೆ ಇವರು ಓಲೆಬೆಲ್ಲವನ್ನು, ಅಂದರೆ ತಾಳೆಬೆಲ್ಲವನ್ನು, ಕರಗಿಸಿ, ಸೋಸಿ ಬಳಸುತ್ತಾರೆ. ಅದರ ಕಪ್ಪು ಬಣ್ಣವೂ ತುಸು ಹೊಗೆ ಬೆರೆತಂತಹ ರುಚಿಯೂ ಶುಂಠಿಯ ಜತೆ ಸೊಗಸಾಗಿ ಹೊಂದುತ್ತವೆ. ಹಿಟ್ಟನ್ನು ಎರಡು ಬೆಣ್ಣೆ ಕಾಗದಗಳ ನಡುವೆ ಇಟ್ಟು, ಎರಡೂ ಬದಿಗೆ 6 ಮಿಲಿಮೀಟರ್ ದಪ್ಪದ ಮರದ ಪಟ್ಟಿಗಳನ್ನಿರಿಸಿ, ಲಟ್ಟಣಿಗೆ ಆ ಪಟ್ಟಿಗಳ ಮೇಲೆಯೇ ಓಡುವಂತೆ ಲಟ್ಟಿಸುವುದರಿಂದ ಮನೆಯ ಎಲ್ಲ ಗೋಡೆಗಳೂ ಒಂದೇ ದಪ್ಪಕ್ಕೆ ಬರುತ್ತವೆ. 175 ಡಿಗ್ರಿ ಶಾಖದಲ್ಲಿ ಅಂಚು ಕಂದಾಗುವವರೆಗೆ ಬೇಯಿಸಿ, ಬಿಸಿಯಾಗಿರುವಾಗಲೇ ರಟ್ಟಿನ ಅಚ್ಚನ್ನು ಮತ್ತೆ ಮೇಲಿಟ್ಟು ಅಂಚನ್ನು ಇನ್ನೊಮ್ಮೆ ಕತ್ತರಿಸಬೇಕು. ಈ ಎರಡನೆಯ ಕತ್ತರಿಕೆಯನ್ನು ಹಲವು ವಿಡಿಯೊ ಪಾಠಗಳು ಬಿಟ್ಟೇಬಿಡುತ್ತವೆ. ಮನೆ ನೆಟ್ಟಗೆ ನಿಲ್ಲುವುದೂ ವಾಲುವುದೂ ಬಹುಮಟ್ಟಿಗೆ ನಿರ್ಧಾರವಾಗುವುದು ಇಲ್ಲಿಯೇ. ಕತ್ತರಿಸಿ ಉಳಿದ ಚೂರುಗಳು ಸಂಜೆಯ ಚಹಾದ ಜತೆ ಬಂದವು. ಕಟ್ಟಡದ ಬಿಸ್ಕತ್ತು ಗಟ್ಟಿಯಾಗಿದ್ದರೂ ಚಹಾದಲ್ಲಿ ಅದ್ದಿ ತಿನ್ನಲು ಬಹಳ ರುಚಿ.

ಮರದ ಚೌಕಟ್ಟಿನ ಜರ್ಮನ್ ಮನೆ ಈ ಕಲೆಯ ತವರಿನದು. ನ್ಯೂರೆಂಬರ್ಗ್ ನಗರದಲ್ಲಿ ಈ ಮಸಾಲೆ ಬಿಸ್ಕತ್ತು ತಯಾರಿಸುವವರು 1643ರಲ್ಲಿಯೇ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. 1812ರಲ್ಲಿ ಪ್ರಕಟವಾದ ಗ್ರಿಮ್ ಸಹೋದರರ ಕಥೆಯಲ್ಲಿ ಕಾಡಿನ ನಡುವಿನ ಮನೆಗೆ ರೊಟ್ಟಿಯ ಗೋಡೆ, ಕೇಕಿನ ಮಾಡು, ಸಕ್ಕರೆಯ ಕಿಟಕಿಗಳಿವೆ. ಆ ಮನೆಗೆ ಬೇಕಾದ ಮೆಣಸು, ಶುಂಠಿಗಳು ಒಂದು ಕಾಲದಲ್ಲಿ ಹಡಗು ಹತ್ತುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ ಎಂಬುದನ್ನು ನೆನೆದರೆ ಮಂಗಳೂರಿನಲ್ಲಿ ಇದನ್ನು ಕಟ್ಟುವುದು ಪರಕೀಯವೆನಿಸದು. ತರಗತಿಯಲ್ಲಿ ಸಕ್ಕರೆಯ ಬಿಳಿ ಲೇಪವಾದ ಐಸಿಂಗ್ ಬಳಿದ ಗೋಡೆಯ ಮೇಲೆ ಕೊಕೊ ಬೆರೆಸಿದ ಕಪ್ಪು ಹಿಟ್ಟಿನ ಪಟ್ಟಿಗಳನ್ನು ಅಂಟಿಸಿ ಮರದ ಚೌಕಟ್ಟನ್ನು ತೋರಿಸುತ್ತಾರೆ. ಪಟ್ಟಿಗಳನ್ನು ಅಂದಕ್ಕೆಂದು ಎಲ್ಲೆಂದರಲ್ಲಿ ಇಡಲು ಕಲಿಸುವವರು ಬಿಡುವುದಿಲ್ಲ. ಓರೆಯಾದ ತೊಲೆ ಮೂಲೆಯಲ್ಲಿಯೇ ಏಕಿರಬೇಕು, ಅದಿಲ್ಲದಿದ್ದರೆ ಗಾಳಿಯ ಒತ್ತಡಕ್ಕೆ ಚೌಕಟ್ಟು ಹೇಗೆ ಓರೆಯಾಗುತ್ತದೆ ಎಂಬುದನ್ನು ಐಸ್‌ಕ್ರೀಮ್ ಕಡ್ಡಿಗಳ ಚೌಕವೊಂದನ್ನು ತಳ್ಳಿ ತೋರಿಸಿದರು. ಪಕ್ಕದ ಮೇಜಿನಲ್ಲಿ ಅಮ್ಮನ ಜತೆ ಬಂದಿದ್ದ ಹುಡುಗನೊಬ್ಬ ಅದನ್ನು ಕಂಡ ಕೂಡಲೇ ತನ್ನ ಗೋಡೆಯ ಪಟ್ಟಿಗಳನ್ನು ತೆಗೆದು ಮತ್ತೆ ಅಂಟಿಸಿದ. ಇಷ್ಟು ಸ್ಪಷ್ಟವಾಗಿ ಕಟ್ಟಡಶಾಸ್ತ್ರವನ್ನು ಹೇಳಿಕೊಡುವ ಅಡುಗೆ ತರಗತಿ ಅಪರೂಪ.

ಆದರೆ ಈ ತರಗತಿಯ ನಿಜವಾದ ಸಾಧನೆ ಹಂಚಿನ ಮನೆ. ಅದನ್ನು ಆರಿಸಿಕೊಂಡದ್ದರಿಂದ ಅದರ ಬಗ್ಗೆ ಹೆಚ್ಚು ಹೇಳಬಲ್ಲೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1865ರಲ್ಲಿ ಅವರು ಊರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಮಂಗಳೂರು ಹಂಚು ದೂರದ ಊರುಗಳಿಗೆಲ್ಲ ಹೋಯಿತು. ಒಂದರ ಅಂಚು ಇನ್ನೊಂದರ ತೋಡಿಗೆ ಕೂಡಿಕೊಳ್ಳುವ, ಹಿಂಬದಿಯ ಮೊಳೆಯಂತಹ ಉಬ್ಬು ರೀಪಿಗೆ ಸಿಕ್ಕಿಕೊಳ್ಳುವ ಆ ಹಂಚಿನ ವಿನ್ಯಾಸವನ್ನು ಬಿಸ್ಕತ್ತಿನಲ್ಲಿ ಹೇಗೆ ತರುವುದು ಎಂಬ ಪ್ರಶ್ನೆಗೆ ಇವರು ಒಳ್ಳೆಯ ಉತ್ತರ ಕಂಡುಕೊಂಡಿದ್ದಾರೆ. ಜರ್ಮನ್ ಮನೆಗಳ ಮಾಡಿಗೆ ಸಾಮಾನ್ಯವಾಗಿ ಬಾದಾಮಿಯ ತೆಳು ಬಿಲ್ಲೆಗಳನ್ನು ಸಾಲಾಗಿ ಹೊದಿಸುತ್ತಾರೆ. ಅದೇ ರೀತಿ ಪ್ರತಿಯೊಂದು ಹಂಚನ್ನೂ ಬೇರೆಯಾಗಿ ಬೇಯಿಸಿ ಅಂಟಿಸಿದರೆ ಮಾಡು ವಿಪರೀತ ಭಾರವಾಗುತ್ತದೆ. ಇಲ್ಲಿ ಹಸಿ ಹಿಟ್ಟಿನ ಮಾಡಿನ ತುಂಡಿನ ಮೇಲೆಯೇ ಬಾಚಣಿಗೆಯಂತಹ ಉಪಕರಣದಿಂದ ಉದ್ದನೆಯ ತೋಡುಗಳನ್ನು ಒತ್ತಿ, ಅಡ್ಡಲಾಗಿ ಸಾಲುಗಳನ್ನು ಗುರುತಿಸಿ, ಸೂರಿನ ಕೊನೆಯ ಸಾಲಿಗೆ ಮತ್ತು ಮಾಡಿನ ನೆತ್ತಿಗೆ ಮಾತ್ರ ಬಿಡಿ ಹಂಚುಗಳನ್ನು ಇಡುತ್ತಾರೆ. ಕಣ್ಣಿಗೆ ಪೂರ್ತಿ ಹಂಚು ಹೊದಿಸಿದ ಮಾಡೇ ಕಾಣುತ್ತದೆ, ಗೋಡೆಯ ಮೇಲೆ ಬೀಳುವ ಭಾರ ಮಾತ್ರ ಬಹಳ ಕಡಿಮೆ.

ಮಾಡಿನ ಲೆಕ್ಕವನ್ನು ಕಲಿಸಿದ ರೀತಿಯೂ ಮೆಚ್ಚುವಂತಹದು. ಮನೆಯ ಅಗಲ 18 ಸೆಂಟಿಮೀಟರ್ ಇದ್ದರೆ ಅರ್ಧಕ್ಕೆ 9 ಸೆಂಟಿಮೀಟರ್; ಇಳಿಜಾರು 30 ಡಿಗ್ರಿ ಇದ್ದರೆ ನೆತ್ತಿ ಗೋಡೆಗಿಂತ 5.2 ಸೆಂಟಿಮೀಟರ್ ಮೇಲೆ ಬರುತ್ತದೆ, ಆದರೆ ಮಾಡಿನ ತುಂಡಿನ ಉದ್ದ 9 ಅಲ್ಲ, 10.4 ಸೆಂಟಿಮೀಟರ್. ನಮ್ಮ ಮನೆಗಳಿಗೆ ಗೋಡೆ ದಾಟಿ ಮುಂಚಾಚಿದ ಸೂರು ಬೇಕೇಬೇಕಾದ್ದರಿಂದ ಇನ್ನೂ ಎರಡೂವರೆ ಸೆಂಟಿಮೀಟರ್ ಸೇರಿಸಿದರೆ ಸುಮಾರು 13 ಆಗುತ್ತದೆ. ನೆಲದ ನಕ್ಷೆಯ ಅಳತೆಗೇ ಮಾಡನ್ನು ಕತ್ತರಿಸಿದರೆ ನೆತ್ತಿಯಲ್ಲಿ ಬಿರುಕು ಉಳಿಯುತ್ತದೆ ಎಂಬುದನ್ನು ರಟ್ಟಿನ ಮಾದರಿಯಲ್ಲಿಯೇ ಎಲ್ಲರೂ ಕಂಡರು. ನಾಲ್ಕೂ ಬದಿಗೆ ಇಳಿಯುವ ಮಾಡಾದ್ದರಿಂದ ಎರಡು ತುದಿಗಳ ತ್ರಿಕೋನಗಳಿಗೂ ಈ ಓರೆಯ ಅಳತೆಯೇ ಅನ್ವಯಿಸುತ್ತದೆ. ಅಂಚುಗಳು ಒಂದಕ್ಕೊಂದು ಕೂಡುವ ಕಡೆ ಸಣ್ಣ ತುರಿಮಣೆಯಿಂದ ಉಜ್ಜಿ ಓರೆ ಮಾಡಿಕೊಳ್ಳಬೇಕು. ಈ ಕೆಲಸಕ್ಕೆ ತಾಳ್ಮೆ ಬೇಕು, ಅದಕ್ಕೆ ತಕ್ಕ ಸಮಯವನ್ನೂ ಅವರು ಕೊಡುತ್ತಾರೆ.

ಕಡಿಮೆ ಇಳಿಜಾರಿನ ಮಾಡು ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಕಡಿದಾದ ಜರ್ಮನ್ ಮಾಡಿನಲ್ಲಿ ಈ ತಳ್ಳುವಿಕೆ ಕಡಿಮೆ, ಆದರೆ ಐಸಿಂಗ್ ಹಸಿಯಿರುವಾಗ ತುಂಡು ಜಾರುತ್ತದೆ. ನಿಜವಾದ ಮನೆಯಲ್ಲಿ ಪಕ್ಕಾಸುಗಳ ಈ ಒತ್ತಡವನ್ನು ಅಡ್ಡ ತೊಲೆಗಳು ಹಿಡಿದಿಡುತ್ತವೆ. ಇವರು ಮನೆಯ ಒಳಗೆ, ಹೊರಗಿನಿಂದ ಕಾಣದಂತೆ, ಮಾಡಿನ ನೆತ್ತಿಯವರೆಗೆ ಏರುವ ಒಂದು ಅಡ್ಡಗೋಡೆಯನ್ನು ನಿಲ್ಲಿಸಿದ್ದಾರೆ. ನೆತ್ತಿಯ ಭಾರವನ್ನು ಅದು ನೇರವಾಗಿ ಕೆಳಕ್ಕೆ ಒಯ್ಯುವುದರಿಂದ ಹೊರಗೋಡೆಗಳಿಗೆ ತಳ್ಳಾಟವಿಲ್ಲ. ಬಿಸ್ಕತ್ತು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನೂ ಬಾಗುವಿಕೆಯನ್ನೂ ತಾಳುವುದಿಲ್ಲ. ಈ ಒಂದು ಗುಣವನ್ನು ಅರಿತು ರೂಪಿಸಿದ ಅಚ್ಚು ಇದು. ಮುಂಭಾಗದ ಜಗಲಿಯ ಕಂಬಗಳೂ ಅದೇ ಕಾರಣಕ್ಕೆ ಗಟ್ಟಿಯಾಗಿ ನಿಲ್ಲುತ್ತವೆ, ಏಕೆಂದರೆ ಕಂಬಕ್ಕೆ ಹೊರುವುದಷ್ಟೇ ಕೆಲಸ.

ಗೋಡೆಗೆ ಇವರು ಐಸಿಂಗ್ ಬಳಿಯುವುದಿಲ್ಲ. ಓಲೆಬೆಲ್ಲದಿಂದ ಕೆಂಗಂದು ಬಣ್ಣಕ್ಕೆ ತಿರುಗಿದ ಬಿಸ್ಕತ್ತಿನ ಮೈಯನ್ನು ಬೇಯಿಸುವ ಮೊದಲೇ ಒರಟು ಬ್ರಶ್ಶಿನಿಂದ ಚುಚ್ಚಿದರೆ ಗಾರೆ ಮಾಡದ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗೋಡೆ ಸಿದ್ಧವಾಗುತ್ತದೆ. ಕಲ್ಲುಗಳ ಸಂದುಗಳನ್ನು ಚಾಕುವಿನ ಹಿಂಬದಿಯಿಂದ ಗೀರುತ್ತಾರೆ. ಹೊಂದಿಕೆಯಾಗುವ ಇನ್ನೊಂದು ಅಂಶ ಕಿಟಕಿ. ಜಿಂಜರ್‌ಬ್ರೆಡ್ ಮನೆಗಳಲ್ಲಿ ಗಾಜಿಗಾಗಿ ಪೆಪ್ಪರ್‌ಮಿಂಟಿನಂತಹ ಗಟ್ಟಿ ಮಿಠಾಯಿಯನ್ನು ಪುಡಿಮಾಡಿ, ಕಿಟಕಿಯ ತೆರವಿನಲ್ಲಿ ತುಂಬಿ, ಬೇಯುವ ಕೊನೆಯ ನಿಮಿಷಗಳಲ್ಲಿ ಕರಗಿಸುವುದು ವಾಡಿಕೆ. ಅಂತಹ ಗಾಜು ಚಳಿಯ ಒಣ ಹವೆಯ ದೇಶಗಳಲ್ಲಿ ವಾರಗಟ್ಟಲೆ ಉಳಿಯುತ್ತದೆ, ಕರಾವಳಿಯಲ್ಲಿ ಮರುದಿನವೇ ಬೆವತು ಅಂಟಂಟಾಗುತ್ತದೆ, ಏಕೆಂದರೆ ಕರಗಿ ಗಟ್ಟಿಯಾದ ಸಕ್ಕರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಹಳೆಯ ಮನೆಗಳ ಕಿಟಕಿಗೆ ಗಾಜು ಇರಲಿಲ್ಲ, ಮರದ ದಳಿಗಳಿದ್ದವು. ಹಿಟ್ಟಿನ ಸಣ್ಣ ಕಡ್ಡಿಗಳನ್ನು ಬೇಯಿಸಿ ಸಾಲಾಗಿ ನಿಲ್ಲಿಸಿದರೆ ಕಿಟಕಿ ಮುಗಿಯಿತು, ಯಾವ ತೇವಕ್ಕೂ ಅದು ಅಂಜದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ರೂಪುಗೊಂಡ ಮನೆಯ ವಿನ್ಯಾಸ, ಅದೇ ಊರಿನ ಹವೆಯಲ್ಲಿ ನಿಲ್ಲಬೇಕಾದ ಬಿಸ್ಕತ್ತಿಗೂ ಒಗ್ಗಿದ್ದನ್ನು ಕಂಡು ಮನಸ್ಸು ತುಂಬಿತು.

ಪ್ರದರ್ಶನಕ್ಕೆಂದು ಕಲಿಸುವವರೇ ಕಟ್ಟಿಟ್ಟಿದ್ದ ಮಾದರಿಯೊಂದು ಮೂಡುಬಿದಿರೆಯ ಸಾವಿರ ಕಂಬದ ಬಸದಿಯಿಂದ ಪ್ರೇರಿತವಾದದ್ದು. 1430ರಲ್ಲಿ ಕಟ್ಟಲಾರಂಭಿಸಿದ ಆ ಬಸದಿಯ, ಮೇಲೆ ಹೋದಂತೆ ಕಿರಿದಾಗುವ ಇಳಿಜಾರು ಮಾಡುಗಳನ್ನು ಬಿಸ್ಕತ್ತಿನಲ್ಲಿ ಮೂರು ಅಂತಸ್ತಾಗಿ ಏರಿಸಿದ್ದರು. ಪ್ರತಿ ಕಂಬವೂ ಬೇರೆ ಬೇರೆ ಕೆತ್ತನೆಯದು ಎಂಬ ಅದರ ಖ್ಯಾತಿಗೆ ಗೌರವವಾಗಿ ಮುಂದಿನ ಸಾಲಿನ ಕಂಬಗಳಿಗೆ ಒಂದೊಂದಕ್ಕೂ ಬೇರೆ ವಿನ್ಯಾಸದ ಐಸಿಂಗ್ ಎಳೆದಿದ್ದರು. ನಾಲ್ಕು ಸುತ್ತಿನ, ನಡುವೆ ಅಂಗಳವಿರುವ ಚೌಕಿ ಮನೆಯನ್ನು ಮುಂದುವರಿದ ತರಗತಿಯಾಗಿ ಆರಂಭಿಸುವ ಆಲೋಚನೆಯಿದೆಯಂತೆ. ಒಳಮುಖವಾಗಿ ಇಳಿಯುವ ಮಾಡುಗಳು ಮೂಲೆಯಲ್ಲಿ ಕೂಡುವ ಜಾಗ ಬಿಸ್ಕತ್ತಿಗೆ ಬಹಳ ಕಠಿಣವಾದದ್ದು. ಅದಕ್ಕೆ ಸೇರುವವರು ಮೊದಲು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿ, ವಿಜಯನಾಥ ಶೆಣೈ ಅವರು ಕಳಚಿ ತಂದು ಮರಳಿ ನಿಲ್ಲಿಸಿದ ಮನೆಗಳ ಮಾಡನ್ನು ಕೆಳಗಿನಿಂದ ತಲೆಯೆತ್ತಿ ನೋಡಿ ಬರುವುದು ಒಳ್ಳೆಯದು.

ಆರ್ಟ್ ಡೆಕೊ ಮಾದರಿಯನ್ನು ಪಕ್ಕದ ಮೇಜಿನವರು ಕಟ್ಟಿದರು. ಮುಂಬಯಿಯ ಮರೀನ್ ಡ್ರೈವ್‌ನ ಕಟ್ಟಡಗಳಲ್ಲಿ ಕಾಣುವ ದುಂಡನೆಯ ಮೂಲೆ, ಕಿಟಕಿಗಳ ಮೇಲೆ ಉದ್ದಕ್ಕೂ ಓಡುವ ಛಜ್ಜಾ, ತಿಳಿ ಹಳದಿ ಮತ್ತು ಗುಲಾಬಿ ಬಣ್ಣಗಳು ಅದರಲ್ಲಿದ್ದವು. ಹಿಟ್ಟಿನ ಹಾಳೆಯನ್ನು ದುಂಡು ಡಬ್ಬಿಯ ಹೊರಮೈಗೆ ಸುತ್ತಿ ಬೇಯಿಸಿದರೆ ಬಾಗಿದ ಗೋಡೆ ದೊರೆಯುತ್ತದೆ ಎಂಬ ತಂತ್ರವನ್ನು ಕಲಿಯಲಿಕ್ಕಾದರೂ ಈ ಮೇಜಿನ ಬಳಿ ನಿಲ್ಲಬೇಕು.

ಚಪ್ಪಟೆ ತಾರಸಿಯ ಆಧುನಿಕ ಬಂಗಲೆಯ ಅಚ್ಚು ಈ ತಿಳಿವಳಿಕೆಗೆಲ್ಲ ವಿರುದ್ಧವಾಗಿದೆ. ಅದರ ತಾರಸಿ ಗೋಡೆಯನ್ನು ದಾಟಿ ಒಂದು ಕೈಬೆರಳಿನಷ್ಟು ಉದ್ದಕ್ಕೆ ಯಾವ ಆಧಾರವೂ ಇಲ್ಲದೆ ಮುಂದೆ ಚಾಚಿದೆ. ಕಾಂಕ್ರೀಟಿನ ಚಪ್ಪಡಿ ಹಾಗೆ ಚಾಚಿ ನಿಲ್ಲುವುದು ಅದರೊಳಗಿನ ಕಬ್ಬಿಣದ ಸರಳುಗಳಿಂದ. ಚಪ್ಪಡಿಯ ಮೇಲ್ಭಾಗದಲ್ಲಿ ಹುಟ್ಟುವ ಎಳೆತವನ್ನು ಹಿಡಿಯುವವು ಆ ಸರಳುಗಳೇ. ಬಿಸ್ಕತ್ತಿನಲ್ಲಿ ಸರಳಿಲ್ಲ. ಕಟ್ಟಿದ ದಿನ ನೇರವಾಗಿದ್ದ ತಾರಸಿಗಳು ತೇವ ಹೀರಿ ಮೆತ್ತಗಾಗಿ ಮರುದಿನವೇ ಜೋತುಬಿದ್ದವೆಂದು, ಅದನ್ನು ಆರಿಸಿಕೊಂಡಿದ್ದವರು ಫೋಟೊ ಕಳುಹಿಸಿ ತಿಳಿಸಿದರು. ಗೋಡೆಯಗಲದ ಮಿಠಾಯಿ ಗಾಜುಗಳು ಅಂಟಂಟಾಗಿ ಧೂಳು ಹಿಡಿದಿದ್ದವು. ಹವಾನಿಯಂತ್ರಿತ ಕೋಣೆಯಲ್ಲಿಡಿ ಎಂಬ ಸಲಹೆ ಬಂತಂತೆ. ಎಲ್ಲರ ಮನೆಯಲ್ಲಿಯೂ ಅದಕ್ಕೆ ಅನುಕೂಲ ಇರುವುದಿಲ್ಲ, ಇದ್ದರೂ ಹಗಲಿರುಳು ಯಂತ್ರ ಓಡಿಸಲಾಗದು. ಚಾಚಿನ ಕೆಳಗೆ ಎರಡು ತೆಳು ಕಂಬಗಳನ್ನು ಕೊಟ್ಟು, ಗಾಜಿಗೆ ಮಿಠಾಯಿಯ ಬದಲಿಗೆ ತೇವವನ್ನು ಅಷ್ಟಾಗಿ ಹೀರದ ಐಸೊಮಾಲ್ಟ್ ಎಂಬ ಸಕ್ಕರೆಯ ಬದಲಿ ಪದಾರ್ಥವನ್ನು ಬಳಸಿದರೆ ಈ ಅಚ್ಚು ಉಳಿದೀತು.

ಅಂಟಿನ ವಿಷಯವನ್ನೂ ಹೇಳಬೇಕು. ಒಂದು ಮೊಟ್ಟೆಯ ಬಿಳಿಗೆ ಸುಮಾರು 200 ಗ್ರಾಂ ಐಸಿಂಗ್ ಸಕ್ಕರೆ ಸೇರಿಸಿ, ಕೆಲವು ಹನಿ ನಿಂಬೆರಸ ಹಿಂಡಿ, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗಿ ಕಡೆದ ರಾಯಲ್ ಐಸಿಂಗ್ ಇವರ ಗಾರೆ. ಹಸಿ ಮೊಟ್ಟೆಗೆ ಬದಲಾಗಿ ಮೊಟ್ಟೆಯ ಬಿಳಿಯ ಪುಡಿಯನ್ನು ನೀರಿನಲ್ಲಿ ಕದಡಿ ಬಳಸುವುದರಿಂದ ಮಕ್ಕಳು ಬೆರಳು ನೆಕ್ಕಿದರೂ ಆತಂಕವಿಲ್ಲ. ನೀರಿನಂಶ ಆರಿದಂತೆ ಗಟ್ಟಿಯಾಗುವ ಈ ಐಸಿಂಗ್ ನಮ್ಮ ತೇವದ ಹವೆಯಲ್ಲಿ ನಿಧಾನವಾಗಿ ಆರುತ್ತದೆ. ಗೋಡೆ ನಿಲ್ಲಿಸಿ ಮಾಡು ಏರಿಸುವ ಮುನ್ನ ಇನ್ನೂ ಹೆಚ್ಚು ಬಿಡುವು ಕೊಡಬೇಕಿತ್ತು. ಎರಡನೆಯ ದಿನವನ್ನು ಬೆಳಿಗ್ಗೆ ಬೇಗ ಆರಂಭಿಸಿದರೆ ಇದು ಸುಲಭವಾಗಿ ಸಾಧ್ಯ. ಉಡುಪಿಯಿಂದ ಬಂದಿದ್ದ ಮೊಟ್ಟೆ ಮುಟ್ಟದ ಕುಟುಂಬವೊಂದಕ್ಕೆ ಕಡಲೆ ಬೇಯಿಸಿದ ನೀರನ್ನು ಕಡೆದು ಮಾಡಿದ ಐಸಿಂಗ್ ಕೊಟ್ಟರು. ಕೇಳುವ ಮೊದಲೇ ಅದನ್ನು ಸಿದ್ಧವಾಗಿರಿಸಿದ್ದು ಸಂತೋಷದ ಸಂಗತಿ. ಅಲಂಕಾರಕ್ಕೆ ಅದು ಸಾಕಾದರೂ ಗೋಡೆ ಹಿಡಿಯುವಷ್ಟು ಬಿಗಿ ಅದಕ್ಕಿಲ್ಲದ ಕಾರಣ ಮೂಲೆಗಳನ್ನು ಕಾಯಿಸಿದ ಸಕ್ಕರೆಯಿಂದ ಬೆಸೆದರು. ಆ ಪಾಕದ ಬಿಸಿ 160 ಡಿಗ್ರಿಯನ್ನೂ ಮೀರುವುದರಿಂದ ಅದನ್ನು ಕಲಿಸುವವರೇ ಮಾಡಿದರು, ಮಕ್ಕಳನ್ನು ಹತ್ತಿರಕ್ಕೆ ಬಿಡಲಿಲ್ಲ.

ತರಗತಿಗೆ ಬರಲಾಗದವರಿಗೆ ಬೇಯಿಸಿದ ಗೋಡೆಗಳ ಪೆಟ್ಟಿಗೆಯನ್ನೂ ಮಾರುತ್ತಾರೆ. ಅದು ತರಗತಿಯ ಗುಣಮಟ್ಟಕ್ಕೆ ಏರಿಲ್ಲ. ಒಳಗಿನ ಅಡ್ಡಗೋಡೆಯ ಮಹತ್ವವನ್ನು ಸೂಚನಾಪತ್ರ ಒಂದೇ ಸಾಲಿನಲ್ಲಿ ಮುಗಿಸುತ್ತದೆ, ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದೆ, ಐಸಿಂಗ್ ಪುಡಿ ಮೂಲೆಗಳಿಗೆ ಮುಗಿದು ಸೂರಿಗೆ ಸಾಲದಾಗುತ್ತದೆ. ತರಗತಿಯಲ್ಲಿ ಅಷ್ಟು ಸೊಗಸಾಗಿ ಕನ್ನಡದಲ್ಲಿಯೂ ತುಳುವಿನಲ್ಲಿಯೂ ವಿವರಿಸುವವರಿಗೆ ಒಂದು ಹಾಳೆ ಕನ್ನಡ ಸೂಚನೆ ಬರೆಯುವುದು ಕಷ್ಟವಾಗಲಾರದು. ಅದು ಬರುವವರೆಗೆ ಪೆಟ್ಟಿಗೆಯನ್ನು ಕೊಳ್ಳದೆ ತರಗತಿಗೇ ಹೋಗಿ ಎನ್ನುತ್ತೇನೆ.

ಕಟ್ಟಿದ ಮನೆಯನ್ನು ಗೋದಲಿಯ ಪಕ್ಕದಲ್ಲಿಯೋ ಚಾವಡಿಯ ಮೇಜಿನ ಮೇಲೆಯೋ ಇಡುವವರು ಇರುವೆಗಳನ್ನು ಮರೆಯಬಾರದು. ತಟ್ಟೆಯೊಂದರಲ್ಲಿ ನೀರು ತುಂಬಿ, ನಡುವೆ ಬೋಗುಣಿ ಮಗುಚಿಟ್ಟು ಅದರ ಮೇಲೆ ಮನೆಯ ಹಲಗೆಯನ್ನಿಟ್ಟರೆ ಸಾಕು. ತಿನ್ನುವ ಉದ್ದೇಶವಿದ್ದರೆ ಮೊದಲ ಕೆಲವು ದಿನಗಳಲ್ಲಿಯೇ ತಿನ್ನಬೇಕು. ಮೆತ್ತಗಾಗುತ್ತಿದೆ ಎನಿಸಿದ ಬಿಡಿ ತುಂಡುಗಳನ್ನು ಜೋಡಿಸುವ ಮೊದಲು 100 ಡಿಗ್ರಿಯ ಓವನ್‌ನಲ್ಲಿ ಒಣಗಿಸಿಕೊಳ್ಳಬಹುದು, ಜೋಡಿಸಿದ ಮೇಲೆ ಆ ದಾರಿಯಿಲ್ಲ. ಉಡುಪಿ, ಕುಂದಾಪುರದ ಕಡೆಯಿಂದ ಬರುವವರು ಕಟ್ಟಿದ ಮನೆಯನ್ನು ಹೆದ್ದಾರಿಯ ಕುಲುಕಾಟದಲ್ಲಿ ಮಡಿಲಲ್ಲಿಟ್ಟು ಒಯ್ಯುವ ಸಾಹಸ ಮಾಡದೆ, ಮಾಡಿನ ತುಂಡುಗಳನ್ನು ಬೇರೆಯಾಗಿ ಕಟ್ಟಿಕೊಡಲು ಮೊದಲೇ ಹೇಳಿದರೆ, ಅವರು ಅವುಗಳನ್ನು ರಟ್ಟಿನ ಹಾಳೆಗಳ ನಡುವೆ ಚಪ್ಪಟೆಯಾಗಿರಿಸಿ, ಒಂದು ಚೀಲ ಐಸಿಂಗ್ ಸಹಿತ ಕೊಡುತ್ತಾರೆ. ಅದಕ್ಕೆ ಬೇರೆ ಹಣ ತೆಗೆದುಕೊಳ್ಳುವುದಿಲ್ಲ.